ಗುರುಬಸಮ್ಮನವರು ಬಿಟ್ಟುಕೊಟ್ಟ ಹೆಸರು

ಗುರುಬಸಮ್ಮನವರ ಸ್ಕೂಟರ್ ಗೇಟಿನೊಳಗೆ ಬಂದರೆ ಸಾಕು, ಹತ್ತನೇ ತರಗತಿಯ ಗಲಾಟೆ ತಾನಾಗಿ ನಿಲ್ಲುತ್ತದೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಪ್ರೌಢಶಾಲೆಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದಾರೆ. ನಾನು ಗಣಿತದ ಮೇಷ್ಟ್ರು. ಸರ್ವೀಸಿನಲ್ಲಿ ಅವರಿಗಿಂತ ಹಿರಿಯ, ಆದರೂ ಅವರೆದುರು ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಡುತ್ತೇನೆ. ಕವಲಂದೆಯ ರೈತರ ಮನೆಯ ಹೆಣ್ಣುಮಗಳು, ಅಳುಕು ಎಂಬುದು ಆ ಜೀವಕ್ಕೆ ಗೊತ್ತಿಲ್ಲ. ತಪಾಸಣೆಗೆ ಬಂದ ಅಧಿಕಾರಿಯನ್ನೂ ಬಾಗಿಲಲ್ಲೇ ನಿಲ್ಲಿಸಿ, ಪಾಠ ಮುಗಿಸಿ, ಆಮೇಲೆ ನಮಸ್ಕಾರ ಹೇಳಿದವರು.

ಮಕ್ಕಳು ಅವರಿಗೆ ಇಟ್ಟ ಹೆಸರು ಹಿಟ್ಲರ್ ಮೇಡಂ. ನಮ್ಮ ಕಡೆ ಇದು ಬೈಗುಳವೇ ಅಲ್ಲ. ಕಟ್ಟುನಿಟ್ಟಿನ ಮಾವ, ಬಸ್ ಕಂಡಕ್ಟರ್, ಹಾಸ್ಟೆಲ್ ವಾರ್ಡನ್, ಎಲ್ಲರಿಗೂ ಇದೇ ಬಿರುದು. ಆ ಮೇಡಂ ಕೈಗೆ ಬಿದ್ದರೆ ಮಕ್ಕಳು ಪಾಸಾದ ಹಾಗೇ ಎಂದು ಊರಿನ ಹಿರಿಯರೂ ಹೆಮ್ಮೆಪಡುತ್ತಿದ್ದರು. ಆ ಹೆಸರು ಹೇಳಿ ನಾನೇ ಎಷ್ಟೋ ಸಲ ತುಂಟರನ್ನು ಹೆದರಿಸಿದ್ದೇನೆ. ಮೇಡಂಗೂ ಅದು ಒಳಗೊಳಗೇ ಇಷ್ಟವಿತ್ತು. ಕೇಳಿಸದವರಂತೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೆ.

ಆ ಬಿರುದಿಗೆ ಬಣ್ಣ ಬಳಿಸಿದವನು ಹಳೆಯ ವಿದ್ಯಾರ್ಥಿ ನಂಜುಂಡೇಶ್. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಸಮಾಜದಲ್ಲೇ ಡುಮ್ಕಿ ಹೊಡೆದವನು. ಓದಿದ್ದೆಲ್ಲ ನೆನಪಿದ್ದರೂ ಇಸವಿ ಮಾತ್ರ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮೂರನೇ ಸಲ ಮೇಡಂ ಅವನನ್ನು ದಿನಾ ಸಂಜೆ ತರಗತಿಯಲ್ಲಿ ಕೂರಿಸಿ, ತಾವು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತು ಪಾಸು ಮಾಡಿಸಿದರು. ಈಗ ಅವನದು ಬಾಳೆಗೊನೆ ಸಾಗಿಸುವ ಗೂಡ್ಸ್ ಆಟೋ. ಉಳಿದವರೆಲ್ಲ ಗಾಡಿ ಹಿಂದೆ ತಂದೆ ತಾಯಿ ಆಶೀರ್ವಾದ ಎಂದು ಬರೆಸಿದರೆ ಇವನು ಕೆಂಪಕ್ಷರದಲ್ಲಿ ‘ಹಿಟ್ಲರ್ ಮೇಡಂ ಆಶೀರ್ವಾದ’ ಎಂದು ಬರೆಸಿ, ಪೂಜೆಗೆ ಗಾಡಿಯನ್ನು ಶಾಲೆಗೇ ತಂದ. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿದ ಮೇಲೆ ಮೇಡಂ ಆ ಅಕ್ಷರಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಸ್ಟಾಫ್ ರೂಮಿನ ಬೀರುವಿನ ಮೇಲೆ ಅಂಟಿತು.

ಹೋದ ವರ್ಷ ಹತ್ತನೇ ತರಗತಿಯಲ್ಲಿ ನಾಜಿಗಳ ಪಾಠ ಬಂತು. ಪ್ರತಿವರ್ಷ ಅದು ಒಂದು ಪೀರಿಯಡ್ಡಿನ ಪಾಠ, ನಾಲ್ಕು ಅಂಕದ ಪ್ರಶ್ನೆ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದರು, ಅಂಡರ್‌ಲೈನ್ ಮಾಡಿಕೊಳ್ಳಿ, ಮುಂದಿನ ಪುಟ. ಅಂದು ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ. ಬದನವಾಳಿನಿಂದ ಬರುವ ಅರ್ಪಿತ ಎದ್ದು ನಿಂತಳು. ಆ ವರ್ಷವಷ್ಟೇ ನಮ್ಮ ಶಾಲೆಗೆ ಸೇರಿದ್ದ ಹುಡುಗಿ, ಯಾರಿಗೆ ಎಷ್ಟು ಹೆದರಬೇಕೆಂದು ಇನ್ನೂ ಕಲಿತಿರಲಿಲ್ಲ.

“ಮೇಡಂ, ಚಿಕ್ಕ್ ಚಿಕ್ಕ್ ಐಕಳ್ನೂ ಬುಡದೆ ಸಾಯ್ಸಿದೋನು ಅಂತೀರಿ. ಮತ್ತೆ ಆ ಆಟೋ ಮ್ಯಾಲೆ ಅವನೆಸ್ರು ನಿಮಗ್ಯಾಕೆ?”

ಪಕ್ಕದ ಕೋಣೆಯಲ್ಲಿ ನಾನು ಬೀಜಗಣಿತ ನಿಲ್ಲಿಸಿ ಕಿವಿಗೊಟ್ಟೆ. ಗದರುತ್ತಾರೆ ಎಂದುಕೊಂಡಿದ್ದೆ. ಮೇಡಂ ಪುಸ್ತಕ ಮುಚ್ಚಿದರು. ಮಕ್ಕಳು ಕರೆದಾಗ ತಾನು ಬೇಡ ಅನ್ನಲಿಲ್ಲ, ಅದಕ್ಕೇ ಆ ಹೆಸರು ಉಳಿಯಿತು, ತಪ್ಪು ತನ್ನದೇ ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿದರು.

ಬಿಡುವಿನಲ್ಲಿ ಬಂದು ಬೀರುವಿನ ಫೋಟೋ ಕಿತ್ತರು. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ, ಇಪ್ಪತ್ತೆರಡು ವರ್ಷ ಸಾವನ್ನು ಅಂಡರ್‌ಲೈನ್ ಮಾಡಿಸಿದೆ ಎಂದರು. ಸಮಾಧಾನ ಮಾಡಲು ಹೋಗಿ ನಾನು ಎಡವಟ್ಟು ಮಾಡಿದೆ. ಬಿಡಿ ಮೇಡಂ, ಇಲ್ಲಿ ಯಾರು ಬೇಜಾರು ಮಾಡಿಕೊಳ್ಳುತ್ತಾರೆ ಅಂದೆ.

“ನಂಜನಗೂಡಲ್ಲಿ ಯಹೂದಿಗಳಿಲ್ಲ, ಅದಕ್ಕೆ ನಡೆಯುತ್ತೆ ಅಂತೀರಾ ಸಾ?” ಎಂದು ಅವರು ಕೇಳಿದರು.

ಹೆಸರು ಬಿಡುವುದು ಅವರಿಗೆ ಕಷ್ಟವಿರಲಿಲ್ಲ. ನಂಜುಂಡೇಶನ ಮನಸ್ಸು ಮುರಿಯುತ್ತದಲ್ಲ, ಅದೊಂದೇ ಸಂಕಟ. ಅವನನ್ನು ಕರೆಸಿ ವಿಷಯ ಹೇಳಿದಾಗ ಮುರಿದೇಬಿಟ್ಟಿತು. ಪ್ರೀತಿಯಿಂದ ಬರೆಸಿದ್ದನ್ನು ಅಳಿಸು ಎಂದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಅವನು ಗೇಟಿನಲ್ಲೇ ಕಣ್ಣೀರು ಹಾಕಿದ. ಮೇಡಂ ಅಪ್ಪಣೆ ಮಾಡಲಿಲ್ಲ. ಶನಿವಾರ ಬೆಳಗ್ಗೆ ಬಂದು ಪಾಠ ಕೇಳು, ಆಮೇಲೂ ಇರಲಿ ಅನ್ನಿಸಿದರೆ ಇರಲಿ, ನಾನು ಮಾತಾಡುವುದಿಲ್ಲ ಎಂದರು. ಅವನು ಒಪ್ಪಿಕೊಂಡು ಹೋದ ಮೇಲೆ, ಅವನು ಅಳಿಸದಿದ್ದರೆ ಸೋತದ್ದು ತನ್ನ ಪಾಠವೇ ಎಂದು ನನ್ನ ಹತ್ತಿರ ಹೇಳಿದರು.

ಶನಿವಾರ ನಂಜುಂಡೇಶ್ ಹಿಂದಿನ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತ. ನಾನೂ ಅವನ ಪಕ್ಕ ಕೂತೆ. ಮೇಡಂ ಪುಸ್ತಕ ತೆರೆಯಲಿಲ್ಲ. ಕೊಲೆಯಿಂದಲೂ ಶುರುಮಾಡಲಿಲ್ಲ. ನಾಜಿಗಳು ಮೊದಲು, ಯಹೂದಿಗಳು ಪಾರ್ಕಿನ ಬೆಂಚಿನಲ್ಲಿ ಕೂರಬಾರದು ಎಂದರು. ಆಮೇಲೆ ಅವರ ಮಕ್ಕಳು ಶಾಲೆಗೆ ಬರಬಾರದು ಎಂದರು. ಮನೆಯ ರೇಡಿಯೋ ಕೊಂಡೊಯ್ದರು. ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿಸಿದರು. ಸೈಕಲ್ ಕಿತ್ತುಕೊಂಡರು. ಸಾಕಿದ ನಾಯಿ, ಬೆಕ್ಕನ್ನೂ ಇಟ್ಟುಕೊಳ್ಳಬಾರದು ಎಂದರು. ಇದೆಲ್ಲ ನಡೆಯುತ್ತಿರುವಾಗಲೇ, ಇದರ ಮುಂದುವರಿಕೆಯಾಗಿಯೇ, ಅವರನ್ನು ರೈಲುಗಳಲ್ಲಿ ತುಂಬಿ ವಿಷಾನಿಲದ ಕೋಣೆಗಳಿಗೆ ಸಾಗಿಸಿದರು. ಸೈಕಲ್ಲಿನ ಮಾತು ಬಂದಾಗ ಮಕ್ಕಳು ಕಿಟಕಿಯಾಚೆ ಸಾಲಾಗಿ ನಿಂತಿದ್ದ ತಮ್ಮ ಸೈಕಲ್ಲುಗಳನ್ನು ನೋಡಿದರು.

ಆಮೇಲೆ ನನ್ನನ್ನು ಎಬ್ಬಿಸಿ ಅರವತ್ತು ಲಕ್ಷವನ್ನು ವಿವರಿಸಲು ಹೇಳಿದರು. ನಮ್ಮ ಇಡೀ ಮೈಸೂರು ಜಿಲ್ಲೆಯ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ ಎಂದು ಬೋರ್ಡಿನ ಮೇಲೆ ಬರೆದೆ. ಅಂಥ ಎರಡು ಜಿಲ್ಲೆ, ಒಂದು ಮನೆಯಲ್ಲೂ ದೀಪ ಹಚ್ಚುವವರಿಲ್ಲ ಎಂದು ಹೇಳಿ ಬಂದು ಕೂತೆ.

ನಂಜುಂಡೇಶ್ ಕೇಳಿದ್ದು ಒಂದೇ ಪ್ರಶ್ನೆ. “ಅಕ್ಕಪಕ್ಕದ ಮನೆಯೋರು ಏನ್ ಮಾಡ್ತಿದ್ರು ಮೇಡಂ?”

“ಕೆಲವರು ಪ್ರಾಣ ಒತ್ತೆಯಿಟ್ಟು ಬಚ್ಚಿಟ್ಟು ಕಾಪಾಡಿದ್ರು. ಬಹಳ ಜನ ಸುಮ್ಮನಿದ್ರು ಕಣಪ್ಪ.”

ಅವನು ಎದ್ದು ಹೋಗಿ ಗಾಡಿಯಿಂದ ಬ್ಲೇಡು, ಸೀಮೆಎಣ್ಣೆ ಬಟ್ಟೆ ತೆಗೆದ. ‘ಹಿಟ್ಲರ್’ ಎಂಬುದನ್ನು ಅರ್ಧ ಗಂಟೆ ಕೆರೆದ. ಆ ಜಾಗದಲ್ಲಿ ಗುರುಬಸಮ್ಮ ಎಂದು ಬರೆಸುತ್ತೇನೆ ಎಂದಾಗ ಮೇಡಂ ಬೇಡ ಅಂದರು. ಕೆರೆದ ಜಾಗ ಹಾಗೇ ಇರಲಿ, ಯಾರಾದರೂ ಕೇಳಿದರೆ ಯಾಕೆಂದು ಹೇಳು ಅಂದರು. ಇದರಿಂದ ಉಳಿದ ಪಾಠ ಹಿಂದೆ ಬಿತ್ತೆಂದು ಗೊಣಗಿದ ಹೆಡ್ ಮಾಸ್ಟರಿಗೆ, ನಿಮಗೂ ಹಿಂದಿನ ಬೆಂಚಿನಲ್ಲಿ ಜಾಗವಿತ್ತು ಸಾರ್ ಎಂದರಂತೆ.

ಮೊನ್ನೆ ನರಸೀಪುರದಲ್ಲಿ ಬಸ್ಸು ತಪ್ಪಿ ನಂಜುಂಡೇಶನ ಆಟೋ ಹತ್ತಿದೆ. ಗಾಡಿಯ ಹಿಂದೆ ಈಗ ಮಾಸಲು ಕಲೆಯೊಂದು, ಪಕ್ಕದಲ್ಲಿ ‘ಮೇಡಂ ಆಶೀರ್ವಾದ’. ಗೊನೆ ಇಳಿಸಿಕೊಳ್ಳುತ್ತಿದ್ದ ಬಾಳೆ ಮಂಡಿಯ ಚಲುವಯ್ಯ, ಇಲ್ಲಿ ಏನು ಬರೆದಿತ್ತು ಎಂದು ಕೇಳಿದ. ನಂಜುಂಡೇಶ್ ಎಂಜಿನ್ ಆಫ್ ಮಾಡಿದ. ಪಾರ್ಕಿನ ಬೆಂಚಿನಿಂದ ಶುರುಮಾಡಿದ. ಶಾಲೆ, ರೇಡಿಯೋ, ನಕ್ಷತ್ರ, ಸೈಕಲ್, ನಾಯಿ, ಒಂದನ್ನೂ ಬಿಡದೆ ಅದೇ ಸಾಲಿನಲ್ಲಿ ಹೇಳಿ ಅರವತ್ತು ಲಕ್ಷಕ್ಕೆ ಬಂದು ನಿಂತ. ಎರಡು ಸಲ ಫೇಲಾದವನು ಒಂದು ಕಡೆಯೂ ತಪ್ಪಲಿಲ್ಲ.