ಸೀನಪ್ಪನ ಜೀಪಿಗೆ ಕಂಪನಿ ಸ್ಟೀರಿಯೋ

ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸ್ ಜೀಪು ಬಂತೆಂದು ಗಾಬರಿಬಿದ್ದ ಲೆಕ್ಕಿಗ ಪ್ರಹ್ಲಾದರಾಯರು ಉರಿಯುತ್ತಿದ್ದ ಸಿಗರೇಟನ್ನು ಜೇಬಿಗೆ ಹಾಕಿಕೊಂಡು ಕುಣಿಯತೊಡಗಿದಾಗ, ಜೀಪಿನಿಂದ ಇಳಿದವನು ಸೀನಪ್ಪ. ಪೊಲೀಸ್ ಇಲಾಖೆಯಲ್ಲಿ ಇದೇ ಜೀಪನ್ನು ಓಡಿಸಿ ನಿವೃತ್ತನಾದ ಮೇಲೆ, ಹರಾಜಿನಲ್ಲಿ ಅದನ್ನೇ ಕೊಂಡು ದೇವರಾಯಸಮುದ್ರದ ದಾರಿಗೆ ಬಾಡಿಗೆಗೆ ಬಿಟ್ಟಿದ್ದ. ಬಣ್ಣ ಬದಲಿಸಿದರೂ ಜನ ಹತ್ತಲಿಲ್ಲ. ಬನ್ನಿ ಎಂದು ಕರೆದರೆ "ನಾನೇನೂ ಮಾಡಿಲ್ಲಣ್ಣೋ" ಎಂದು ಹೊಲಕ್ಕಿಳಿದುಬಿಡುತ್ತಿದ್ದರು. ಅದಕ್ಕೇ ಕೋಲಾರದ ಗುಜರಿಯಿಂದ, ಜಜ್ಜಿಹೋದ ಕಾರೊಂದಕ್ಕೆ ಕಂಪನಿಯವರೇ ಕೂರಿಸಿದ್ದ ಸ್ಟೀರಿಯೋ ತಂದು, ವೈರ್‌ಲೆಸ್ ಸೆಟ್ಟಿದ್ದ ಗೂಡಿನಲ್ಲಿ ಕೂರಿಸಿ, ಅಲುಗಾಡದಂತೆ ತನ್ನ ಹಳೇ ಖಾಕಿ ಟೋಪಿಯನ್ನು ಕತ್ತರಿಸಿ ಸಂದಿಗೆ ತುರುಕಿದ್ದ. ಕೀಲಿ ತಿರುವಿದರೆ ನೀಲಿ ಅಕ್ಷರ ಮೂಡುತ್ತಿತ್ತು. "ನೋಡಿ ಸಾಮಿ, ವೆಲ್‌ಕಮ್ ಅಂತೈತೆ," ಎಂದು ಸಿಕ್ಕವರಿಗೆಲ್ಲ ತೋರಿಸುತ್ತಿದ್ದ. ತೆಲುಗು ಹಾಡು ಹಾಕಿಕೊಂಡು ಊರೂರು ಸುತ್ತುತ್ತಿದ್ದ; ರೇಡಿಯೋದಾಕೆ ನಮಸ್ಕಾರ ಎಂದರೆ ಸೀಟಿನಲ್ಲೇ ನೆಟ್ಟಗಾಗಿ "ಎಸ್ ಸಾರ್, ಓವರ್" ಎನ್ನುತ್ತಿದ್ದ. ಜನ ದೂರದಲ್ಲಿ ನಿಂತು ಹಾಡು ಕೇಳುತ್ತಿದ್ದರು, ಹತ್ತುತ್ತಿರಲಿಲ್ಲ. "ಅಲ್ಲಯ್ಯಾ ಸೀನಪ್ಪ, ಇದನ್ನ ಮಾರಿ ಬೇರೆ ಗಾಡಿ ತಗೋಬಾರದೇ?" ಎಂದು ರಾಯರು ಸುಟ್ಟ ಜೇಬು ಕೊಡವಿಕೊಳ್ಳುತ್ತಾ ಕೇಳಿದರು. ಸೀನಪ್ಪ ಜೀಪಿನೊಳಗೆ ಕೈಹಾಕಿ ಹಾಡಿನ ಸದ್ದು ತಗ್ಗಿಸಿದ. "ಇದು ಎಷ್ಟೋ ಜನಾನ ಕೇಳ್ದೇನೇ ಹತ್ತಿಸ್ಕೊಂಡು ಹೋಗೈತೆ ಸಾಮಿ. ಒಬ್ರಾದ್ರೂ ತಾವಾಗೇ ಹತ್ಲಿ, ಆಮೇಲೆ ಮಾರ್ತೀನಿ."