ನಲವತ್ತೆಂಟು ಕಡ್ಡಿಯ ಗಾಲಿಗಳ ಬೆನ್ನುಹತ್ತಿ

ಬಾಗಲಕೋಟೆಯಲ್ಲಿ ಲೋಕಾಪುರದ ಬಸ್ಸು ಹತ್ತಿದಾಗ ನನ್ನ ಬಳಿ ಒಂದು ಗೋಣಿಚೀಲ, ಅದರಲ್ಲಿ ನಾಲ್ಕು ಮೊಪೆಡ್ ಗಾಲಿಗಳಿದ್ದವು. ಕಂಡಕ್ಟರ್ ಚೀಲಕ್ಕೂ ಅರ್ಧ ಟಿಕೆಟ್ ಹರಿದ. ನಾನು ಜಗಳ ಬಿಡುವ ಪೈಕಿಯಲ್ಲ, ಆದರೂ ಅಂದು ಕೇಳಿದಷ್ಟು ಕೊಟ್ಟು ಕುಳಿತೆ. ಅಷ್ಟು ಹೆದರಿಕೆಯಾಗಿತ್ತು.

ಜಮಖಂಡಿಯ ಡಾಕ್ಟರೊಬ್ಬರ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ನನ್ನ ಗ್ಯಾರೇಜಿನಲ್ಲಿ ರಿಪೇರಿ ಮಾಡಿದ್ದೆ. ಎರಡೇ ಸೀಟಿನ ಗಾಡಿ, ಅವರ ತಂದೆಯದು. ಒಪ್ಪಿಸುವಾಗ ಅವರು ಹಾಕಿದ್ದು ಒಂದೇ ಕರಾರು: "ನಮ್ಮಪ್ಪ ಮುಟ್ಟಿದ ಸಾಮಾನು ಒಂದೂ ಬದಲಿ ಮಾಡಬ್ಯಾಡ್ರಿ."

ನಾನು ಅತಿ ಶಾಣ್ಯಾ. ಆರ್.ಸಿ. ಪುಸ್ತಕದ ಇಸವಿ ನೋಡಿ, ಆ ವರ್ಷದ ಮಾಡೆಲ್ಲಿಗೆ ಅರವತ್ತು ಕಡ್ಡಿಯ ಗಾಲಿ ಇರಬೇಕೆಂದು ತೀರ್ಮಾನಿಸಿದೆ. ಗಾಡಿಯಲ್ಲಿದ್ದವು ನಲವತ್ತೆಂಟು ಕಡ್ಡಿಯವು. ಯಾರೋ ಬೇರೆ ಕಾರಿನವನ್ನು ಕೂರಿಸಿ ಟೋಪಿ ಹಾಕಿದ್ದಾರೆಂದುಕೊಂಡು, ಪುಣೆಯಿಂದ ಅರವತ್ತರವು ತರಿಸಿ ಜೋಡಿಸಿದೆ. ಹಳೆಯವು ಲೋಕಾಪುರದ ಗುಜರಿಯವನ ಪಾಲಾದವು. ಡಾಕ್ಟರಿಗೆ ಹೇಳಲೂ ಇಲ್ಲ.

ಗಾಡಿಯನ್ನು ಡಾಕ್ಟರಿಗೆ ಮುಟ್ಟಿಸಿ ಎಂಟು ದಿನಕ್ಕೆ, ಇಂಥ ಕಾರುಗಳನ್ನು ಬಲ್ಲ ಪುಣೆಯ ಹಿರಿಯರೊಬ್ಬರ ಫೋನು ಬಂತು. ನಾನು ಕಳಿಸಿದ್ದ ಚಾಸಿ ನಂಬರಿನ ಪ್ರಕಾರ ಕಾರು ತಯಾರಾದದ್ದು ಆ ಇಸವಿಗಿಂತ ಒಂದು ವರ್ಷ ಮೊದಲು, ನಲವತ್ತೆಂಟು ಕಡ್ಡಿಯವು ಬರುತ್ತಿದ್ದಾಗ. ಆರ್.ಸಿ.ಯಲ್ಲಿದ್ದದ್ದು ಇಲ್ಲಿ ನೋಂದಣಿಯಾದ ಇಸವಿ. ನಾನು ಗುಜರಿಗೆ ಹಾಕಿದ್ದೇ ಅಸಲಿ ಗಾಲಿಗಳನ್ನು! ಗುಜರಿಯವನಿಗೆ ಬದಲಿ ಕೊಡಲೆಂದು ಮೊಪೆಡ್ ಗಾಲಿಗಳನ್ನು ಚೀಲಕ್ಕೆ ತುಂಬಿ, ಮರುದಿನ ಮುಂಜಾನೆಯೇ ಹೊರಟೆ.

ಲೋಕಾಪುರದಲ್ಲಿ ಗುಜರಿಯವನು ತಲೆ ಕೆರೆದುಕೊಂಡ. "ಬೀಳಗಿ ಕಡಿ ಕುರಿಯಾವ್ರು ಒಯ್ದಾರ್ರಿ. ಮರಿ ಒಯ್ಯಾಕ ಗಾಡಿ ಮಾಡ್ತೀವಿ ಅಂದ್ರು. ಈಗ ಮುಧೋಳದ ಹೊಲದಾಗ ಅದಾರಂತ." ಕರಗಿಸಿಲ್ಲವಲ್ಲ ಎಂದು ಜೀವ ಬಂತು.

ಮುಧೋಳಕ್ಕೆ ಅರ್ಧ ತಾಸಿನ ದಾರಿ. ಅಲ್ಲಿಂದ ಬಿಸಿಲಲ್ಲಿ ಚೀಲ ಹೊತ್ತು ಎರಡು ಮೈಲು ನಡೆದೆ. ಹೊಲದಲ್ಲಿ ಹಿಕ್ಕೆ ಮಾತ್ರ ಉಳಿದಿತ್ತು. ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಂಡಿದ್ದ ರೈತ, "ನಿನ್ನಿನ ಎದ್ದು ಹ್ವಾದ್ರಲ್ರಿ, ಹಿಪ್ಪರಗಿ ಕಡಿ" ಎಂದ.

ಹಿಪ್ಪರಗಿಗೆ ಹೋಗಲು ಬನಹಟ್ಟಿಯಲ್ಲಿ ಬಸ್ಸಿಳಿದಾಗ ಹನ್ನೆರಡು ದಾಟಿತ್ತು. ಬೀದಿ ತುಂಬ ಮಗ್ಗಗಳ ಸದ್ದು. ಚಹಾ ಅರ್ಧಕ್ಕೇ ಬಿಟ್ಟು ಆಟೋ ಹುಡುಕಿದೆ. ಆಟೋದವನು ಎಂಬತ್ತು ರೂಪಾಯಿ ಕೇಳಿದ, ಚೌಕಾಸಿ ಮಾಡದೆ ಕುಳಿತೆ.

ಹಿಪ್ಪರಗಿಯಲ್ಲಿ ಕಬ್ಬು ಕಡಿದ ಹೊಲದ ಬದುವಿನ ಮೇಲೆ ಮರಿಗಳ ಗಾಡಿ ಕಂಡಿತು. ಒಳಗೆ ಆರು ಎಳೆಮರಿಗಳು, ಕೆಳಗೆ ನನ್ನ ನಾಲ್ಕು ಗಾಲಿಗಳು! ಬೆರಳಿಟ್ಟು ಎಣಿಸಿದೆ. ನಲವತ್ತೆಂಟು. ಕುರಿಗಾರರ ಹೆಂಗಸೊಬ್ಬಳು, ಲಕ್ಕವ್ವ ಅಂತ ಹೆಸರು, ನಗುತ್ತ ಬಂದಳು.

"ಮದ್ಲ ಮರಿ ಹೊತ್ಕೊಂಡ ನಡೀತಿದ್ವಿರೀ ಅಣ್ಣಾರ. ಈಗ ಹೆಗಲಿಗೆ ಆರಾಮ ಆಗೇತಿ."

ವಿಷಯ ಹೇಳಿದೆ. ಅವಳು ನನ್ನ ಚೀಲದಲ್ಲಿ ಇಣುಕಿ, "ಇವೂ ನಡೀತಾವ. ಬಿಚ್ಕೋರಿ" ಎಂದಳು. ಎಂಥ ದೊಡ್ಡ ಮನಸ್ಸು! ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಬಿಚ್ಚಲು ಏನೂ ಇರಲಿಲ್ಲ. ಗಾಲಿಯ ನಡುವೆ ಕಾರಿನ ಅಚ್ಚನ್ನು ಹಿಡಿಯುವ ಹಲ್ಲುಗಳಿರುತ್ತವೆ. ಅವನ್ನೆಲ್ಲ ಉಜ್ಜಿ ತೆಗೆದು, ಕಬ್ಬಿಣದ ಪೈಪಿಗೆ ವೆಲ್ಡಿಂಗ್ ಮಾಡಿಸಿದ್ದರು. ಕತ್ತರಿಸಿ ತೆಗೆದರೂ ಅವು ಇನ್ನು ಆ ಕಾರಿಗೆ ಕೂರುವಂತಿರಲಿಲ್ಲ. ಚೀಲವನ್ನು ಲಕ್ಕವ್ವನಿಗೇ ಬಿಟ್ಟು ಎದ್ದೆ.

ಜಮಖಂಡಿಗೆ ಹೋಗುವುದೋ, ಸುಮ್ಮನೆ ಮನೆ ಸೇರುವುದೋ? ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದು ಜಮಖಂಡಿಯದು, ಹತ್ತಿದೆ.

ಡಾಕ್ಟರು ಅಂಗಳದಲ್ಲಿ ಕಾರು ಒರೆಸುತ್ತಿದ್ದರು. "ಬರ್ರಿ, ಬರ್ರಿ! ನಿನ್ನಿ ಬೀಳಗಿ ತನಕ ಹೋಗಿ ಬಂದೆ. ಅಪ್ಪನ ಬಾಜೂಕ ಕುಂತಂಗ ಆತು."

ನಿಂತಲ್ಲೇ ಎಲ್ಲ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಒರೆಸುವ ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, "ನೀವು ಹೇಳದಿದ್ರ ನನಗ ಗೊತ್ತ ಆಗ್ತಿರಲಿಲ್ಲ" ಎಂದರು.

ಆಮೇಲೆ ಮುಂದಿನ ಗಾಲಿಯ ಎದುರು ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಕಡ್ಡಿ ಮುಟ್ಟಿ ಎಣಿಸತೊಡಗಿದರು. ನಾನು ಗೇಟು ದಾಟಿ ಹಿಂತಿರುಗಿ ನೋಡಿದಾಗ ಎರಡನೆಯ ಗಾಲಿಗೆ ಸರಿದಿದ್ದರು.