ಡಾಕ್ಟರು ಕೇಳಿದ್ದು ನಿನ್ನನ್ನು

ಗಿರಿಜಾ, ಅವತ್ತು ಡಾಕ್ಟರು ಕೇಳಿದ್ದು ನಿನ್ನನ್ನು. ಉತ್ತರ ಕೊಟ್ಟವನು ನಾನು. ಕೊಟ್ಟದ್ದು ಸುಳ್ಳು — ಸುಳ್ಳೆಂದು ಗೊತ್ತಿದ್ದೇ ಕೊಟ್ಟೆ.

ಎಪ್ಪತ್ತರ ದಶಕದ ಕೊನೆ. ನೀನು ನನ್ನ ಹೆಂಡತಿಯಾಗಿ ಜಗಳೂರಿನಿಂದ ಚನ್ನಗಿರಿಗೆ ಬಂದು ಕೆಲವೇ ವರ್ಷ. ಹೃದಯದ ಕವಾಟ ಕೆಟ್ಟಿದೆ ಎಂದು ತಿಳಿದು ದಾವಣಗೆರೆಗೆ ಕರೆದೊಯ್ದೆ. ಅಮ್ಮನೂ ಜೊತೆಗೆ ಬಂದಳು. ಹೃದಯ ಸೋಲುತ್ತಾ ಹೋಗುವುದಕ್ಕೆ ನಾಲ್ಕು ಹಂತ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೊದಲನೆಯದರಲ್ಲಿ ಯಾವ ಕೆಲಸಕ್ಕೂ ತೊಂದರೆಯಿಲ್ಲ. ಎರಡನೆಯದರಲ್ಲಿ ದಿನದ ದುಡಿಮೆಗೆ ಏದುಸಿರು. ಮೂರನೆಯದರಲ್ಲಿ ಕಸ ಗುಡಿಸಿದರೂ ಸಾಕು. ನಾಲ್ಕನೆಯದರಲ್ಲಿ ಸುಮ್ಮನೆ ಕೂತರೂ. ಇದನ್ನು ರೋಗಿಯೇ ಹೇಳಬೇಕು ಎಂದು ನಿನ್ನ ಕಡೆ ತಿರುಗಿದರು.

"ಮನೆಗೆಲಸ ಮಾಡುವಾಗ ಉಸಿರು ಕಟ್ಟುತ್ತೇನಮ್ಮಾ?"

ನೀನು ನನ್ನ ಮುಖ ನೋಡಿದೆ. ಗಂಡ ಎದುರಿಗಿರುವಾಗ ಹೆಂಗಸು ಬಾಯಿ ಬಿಡುವ ರೂಢಿ ನಮ್ಮಲ್ಲಿ ಎಲ್ಲಿತ್ತು? ನಾನು — ಅಮ್ಮನ ಮುಖ ನೋಡಿದೆ.

"ಏನೂ ಇಲ್ಲ ಸಾರ್. ಎಲ್ಲಾ ಕೆಲ್ಸ ಮಾಡ್ಕೊಂಡು ಆರಾಮಾಗಿ ಅದಾಳೆ."

ನೀನು ಕೊಡ ಹೊರುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ನನ್ನ ತಂಗಿ ಹೊರುತ್ತಿದ್ದಳು. ಒಲೆ ಮುಂದಿನಿಂದ ಎದ್ದು ಗೋಡೆ ಹಿಡಿದು ನಿಲ್ಲುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆದರೆ ಮೂರನೆಯ ಹಂತ ಎಂದರೆ ವಿಶ್ರಾಂತಿ. ವಿಶ್ರಾಂತಿ ಎಂದರೆ, ಕೂತು ಉಣ್ಣುವ ಸೊಸೆಯನ್ನು ತವರಿಗೆ ಕಳಿಸು ಎಂಬ ಅಮ್ಮನ ಹಟ. ಶಾಲೆಯಲ್ಲಿ ಬೆತ್ತ ಹಿಡಿದು ಗುಡುಗುತ್ತಿದ್ದ ಈ ಮೇಷ್ಟ್ರು ಅವಳೆದುರು ಬೆಕ್ಕಿನ ಮುಂದಿನ ಇಲಿ.

ಡಾಕ್ಟರು ನನ್ನ ಮಾತು ನಂಬಿದರು. ಮನೆಗೆಲಸಕ್ಕೆ ಅಡ್ಡಿಯಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಊರಿಗೆ ಮರಳುವಾಗ ಬಸ್ಸು ತ್ಯಾವಣಿಗೆ ದಾಟಿತು. ಆಮೇಲೆ ನೀನು, ಕಿಟಕಿಯತ್ತಲೇ ನೋಡುತ್ತಾ —

"ಅವ್ರು ನನ್ನ ಕೇಳಿದ್ದಲ್ಲೇನ್ರೀ?"

ನಾನು ಟಿಕೇಟು ಹುಡುಕುವವನ ಹಾಗೆ ಜೇಬು ತಡಕಿದೆ.

ಮರುದಿನವೇ ಅಮ್ಮ ಕೊಡವನ್ನು ನಿನ್ನ ಕೈಗೆ ಕೊಟ್ಟಳು. ಡಾಕ್ಟರೇ ಹೇಳಿದ್ದಾರಲ್ಲ! ನೀನು ಹೊತ್ತೆ. ನಾನು ನೋಡಿಯೂ ನೋಡದವನಂತೆ ಶಾಲೆಗೆ ಹೋದೆ. ಮಳೆಗಾಲದ ಹೊತ್ತಿಗೆ ನಿನಗೆ ಮಲಗಲು ಆಗದೆ, ಕೂತಲ್ಲೇ ಏದುಸಿರು. ಮತ್ತೆ ಕರೆದೊಯ್ದಾಗ ಡಾಕ್ಟರು ಏನೂ ಕೇಳಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ಆ ದೀಪಾವಳಿಗೆ ನೀನು ಇರಲಿಲ್ಲ.

ನಿಜ ಹೇಳಿದ್ದರೆ ಉಳಿಯುತ್ತಿದ್ದೆಯೋ ಏನೋ — ಯಾರು ಬಲ್ಲರು? ಎಷ್ಟೋ ವರ್ಷ ಈ 'ಏನೋ' ಹಿಡಿದುಕೊಂಡೇ ನಿದ್ದೆ ಮಾಡಿದೆ. ಇನ್ನು ಮಾಡಲಾರೆ. ಅಂದು ನಾನು ಧೈರ್ಯ ತೋರಬೇಕಿತ್ತು ಎಂದೂ ಅಲ್ಲ, ಗಿರಿಜಾ. ನನ್ನ ಮುಖ ನೋಡಿದ ಮೇಲೆ, ರೂಢಿ ಮೀರಿ, ಉತ್ತರ ಹೇಳಲು ನೀನು ಬಾಯಿ ತೆರೆದಿದ್ದೆ. ನಾನು ಸುಮ್ಮನಿದ್ದರೆ ಸಾಕಿತ್ತು.